ಮಧುಮೇಹಿಗಳ ಪಾದದ ನರ ಹಾನಿ: ಹೊಸ ಚಿಕಿತ್ಸೆಗಳಿಂದ ಏನಾಗುತ್ತದೆ, ಏನಾಗುವುದಿಲ್ಲ?

ರಾತ್ರಿ ಮಲಗಿದರೆ ಅಂಗಾಲು ಉರಿ, ಸೂಜಿ ಚುಚ್ಚಿದಂತಹ ನೋವು. ಹಗಲಿನಲ್ಲಿ ಕಾಲಿನಿಂದ ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗುವುದಿಲ್ಲ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಅನೇಕರ ಅನುಭವವಿದು. ವೈದ್ಯರು ಇದನ್ನು ಡಯಾಬಿಟಿಕ್ ನ್ಯೂರೋಪತಿ, ಅಂದರೆ ಮಧುಮೇಹದಿಂದ ಉಂಟಾಗುವ ನರ ಹಾನಿ ಎನ್ನುತ್ತಾರೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಹೀಗಾಗಿ ಪಾದದ ಉರಿಗೆ 'ಹೊಸ ಚಿಕಿತ್ಸೆ ಬಂದಿದೆ' ಎಂಬ ಸುದ್ದಿ ಬಂದರೆ ಎಲ್ಲರ ಗಮನ ಅತ್ತ ಹೋಗುವುದು ಸಹಜ. ಆದರೆ ಇಂದು ಬಳಕೆಯಲ್ಲಿರುವ ಚಿಕಿತ್ಸೆಗಳು ಮುಖ್ಯವಾಗಿ ನೋವನ್ನು ಕಡಿಮೆ ಮಾಡುತ್ತವೆ. ಹಾಳಾದ ನರವನ್ನು ಮೊದಲಿನಂತೆ ಮಾಡುತ್ತವೆ ಎಂದು ಸಾಬೀತಾದ ಔಷಧ ಇನ್ನೂ ಇಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ಪಾದಕ್ಕೇ ಅಪಾಯ.

ಪಾದವೇ ಮೊದಲು ಏಕೆ?

ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ನರಗಳಿಗೂ, ಅವುಗಳಿಗೆ ರಕ್ತ ಪೂರೈಸುವ ಸಣ್ಣ ನಾಳಗಳಿಗೂ ಹಾನಿಯಾಗುತ್ತದೆ. ಅತಿ ಉದ್ದದ ನರಗಳು ತುದಿಯಿಂದ ಹಾಳಾಗತೊಡಗುತ್ತವೆ. ಅದಕ್ಕೇ ತೊಂದರೆ ಕಾಲ್ಬೆರಳಿನಲ್ಲಿ ಶುರುವಾಗಿ ಕಾಲುಚೀಲದಂತೆ ಮೇಲೇರುತ್ತದೆ. ನರ ಹಾನಿ ಇರುವ ಮಧುಮೇಹಿಗಳಲ್ಲಿ ಅರ್ಧದಷ್ಟು ಮಂದಿಗೆ ಯಾವುದೇ ಲಕ್ಷಣ ಕಾಣಿಸದೇ ಇರಬಹುದು.

ಮೊದಲ ಹಂತದ ಔಷಧಗಳು

ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಮಾತ್ರೆಗಳು. ಇವುಗಳಲ್ಲಿ ಯಾವುದು ಉತ್ತಮ ಎಂದು ತಿಳಿಯಲು ಬ್ರಿಟನ್‌ನಲ್ಲಿ 130 ರೋಗಿಗಳ ಮೇಲೆ ನಡೆದ ಆಪ್ಷನ್-ಡಿಎಂ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಯಾವುದರಿಂದ ಆರಂಭಿಸಿದರೂ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಒಂದು ಔಷಧದಿಂದ ಸಾಕಷ್ಟು ಗುಣ ಕಾಣದವರಿಗೆ ಎರಡನೆಯದನ್ನು ಸೇರಿಸಿದಾಗ ಪ್ರಯೋಜನವಾಯಿತು. ತಲೆಸುತ್ತು, ನಿದ್ದೆಯ ಮಂಪರು, ಬಾಯಿ ಒಣಗುವುದು ಇವುಗಳ ಸಾಮಾನ್ಯ ಅಡ್ಡಪರಿಣಾಮಗಳು. ಈ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಬಾರದು.

ಮೆಣಸಿನಕಾಯಿ ಸತ್ವದ ಪಟ್ಟಿ

ಮೆಣಸಿನಕಾಯಿಗೆ ಖಾರ ಕೊಡುವ ಅಂಶ ಕ್ಯಾಪ್ಸೈಸಿನ್. ಶೇ.8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಮಧುಮೇಹಿಗಳ ಪಾದದ ನರ ನೋವಿಗೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ನೀಡಿತು. ಆರೋಗ್ಯ ಸಿಬ್ಬಂದಿಯೇ ಇದನ್ನು ಪಾದಕ್ಕೆ 30 ನಿಮಿಷ ಅಂಟಿಸುತ್ತಾರೆ. ಅಗತ್ಯವಿದ್ದರೆ ಮೂರು ತಿಂಗಳ ನಂತರ ಮತ್ತೆ ಹಾಕಬಹುದು. ಚರ್ಮದ ಅಡಿಯಲ್ಲಿ ನೋವು ಗ್ರಹಿಸುವ ನರತುದಿಗಳನ್ನು ಇದು ಕೆಲಕಾಲ ಮಂದಗೊಳಿಸುತ್ತದೆ. ಹಾಗೆಂದು ಮನೆಯಲ್ಲಿ ಮೆಣಸಿನಕಾಯಿ ಅರೆದು ಕಾಲಿಗೆ ಹಚ್ಚಬೇಡಿ. ಜೋಮು ಹಿಡಿದ ಚರ್ಮ ಸುಟ್ಟರೂ ನಿಮಗೆ ತಿಳಿಯದು.

ಬೆನ್ನುಹುರಿಗೆ ವಿದ್ಯುತ್ ಸ್ಪಂದನ

ಮಾತ್ರೆಗಳಿಗೆ ಬಗ್ಗದ ನೋವಿಗೆ ಇದೊಂದು ಆಯ್ಕೆ. ಬೆನ್ನುಹುರಿಯ ಸಮೀಪ ತೆಳುವಾದ ತಂತಿಗಳನ್ನು ಇರಿಸಿ, ಚರ್ಮದಡಿಯ ಬ್ಯಾಟರಿ ಸಾಧನದಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸಲಾಗುತ್ತದೆ. ಮೊದಲು ಕೆಲವು ದಿನ ತಾತ್ಕಾಲಿಕವಾಗಿ ಅಳವಡಿಸಿ, ಗುಣ ಕಂಡವರಿಗಷ್ಟೇ ಶಾಶ್ವತವಾಗಿ ಕೂರಿಸುತ್ತಾರೆ.

216 ರೋಗಿಗಳ ಸೆನ್ಜಾ-ಪಿಡಿಎನ್ ಪ್ರಯೋಗದಲ್ಲಿ ಈ ಸಾಧನ ಪಡೆದವರ ಪೈಕಿ ಶೇ.79ರಷ್ಟು ಮಂದಿಗೆ ನೋವು ಅರ್ಧಕ್ಕಿಂತ ಕಡಿಮೆಯಾಯಿತು. ಔಷಧ ಮಾತ್ರ ಮುಂದುವರಿಸಿದ ಗುಂಪಿನಲ್ಲಿ ಈ ಪ್ರಮಾಣ ಶೇ.5. ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲವರ ಪಾದದ ಸ್ಪರ್ಶಜ್ಞಾನವೂ ಸುಧಾರಿಸಿದ್ದು ಕುತೂಹಲಕರ. ಆದರೆ ಯಾರಿಗೆ ಸಾಧನ ಹಾಕಲಾಗಿದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಪ್ರಯೋಗವಿದು. ಶಸ್ತ್ರಚಿಕಿತ್ಸೆಯ ಸೋಂಕಿನ ಭಯವಿದೆ, ಖರ್ಚೂ ಲಕ್ಷಗಳಲ್ಲಿದೆ.

ಪ್ರಯೋಗದ ಹಂತದಲ್ಲಿರುವವು

ಸುಜೆಟ್ರಿಜಿನ್ ಎಂಬ ಹೊಸ ಮಾತ್ರೆ ಅಫೀಮು ವರ್ಗಕ್ಕೆ ಸೇರಿದ್ದಲ್ಲ. ನೋವಿನ ಸಂಕೇತ ಮಿದುಳಿಗೆ ಹೊರಡುವ ಮೊದಲೇ ಅದನ್ನು ನರದಲ್ಲಿ ತಡೆಯುತ್ತದೆ. 2025ರ ಜನವರಿಯಲ್ಲಿ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು ಹಠಾತ್ ನೋವಿಗೆ ಮಾತ್ರ. ಮಧುಮೇಹಿಗಳ ನರ ನೋವಿಗೆ ಬಳಸುವ ಕುರಿತು ಪ್ರತ್ಯೇಕ ಪ್ರಯೋಗಗಳು ನಡೆದಿವೆ.

ನರ ಮತ್ತೆ ಬೆಳೆಯುವಂತೆ ಮಾಡುವ ಆಸೆ ಹುಟ್ಟಿಸಿದ್ದು ಜೀನ್ ಚಿಕಿತ್ಸೆ. ದಕ್ಷಿಣ ಕೊರಿಯಾದ ಹೆಲಿಕ್ಸ್‌ಮಿತ್ ಕಂಪನಿಯ ಚುಚ್ಚುಮದ್ದು ಆರಂಭದಲ್ಲಿ ಭರವಸೆ ಮೂಡಿಸಿದರೂ ದೊಡ್ಡ ಪ್ರಯೋಗಗಳಲ್ಲಿ ಗುರಿ ಮುಟ್ಟಲಿಲ್ಲ. 'ನರವನ್ನು ಪೂರ್ತಿ ಸರಿಪಡಿಸುತ್ತೇವೆ' ಎಂಬ ಜಾಹೀರಾತು ಕಂಡಾಗ ಇದು ನೆನಪಿರಲಿ.

ನೋವಿಲ್ಲದ ಪಾದವೇ ಹೆಚ್ಚು ಅಪಾಯಕಾರಿ

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡುತ್ತಿದ್ದ ಡಾ. ಪಾಲ್ ಬ್ರಾಂಡ್ ಈ ಸತ್ಯವನ್ನು ದಶಕಗಳ ಹಿಂದೆಯೇ ತೋರಿಸಿಕೊಟ್ಟರು. ಸ್ಪರ್ಶಜ್ಞಾನ ಹೋದ ಪಾದಕ್ಕೆ ಒತ್ತಡ, ಗಾಯ ತಿಳಿಯುವುದಿಲ್ಲ. ಅದೇ ಹುಣ್ಣಿಗೆ ಕಾರಣ. ಕುಷ್ಠರೋಗಿಗಳಿಗೆ ಕೊಡುತ್ತಿದ್ದ ಮೆತ್ತನೆಯ ಎಂಸಿಆರ್ ಚಪ್ಪಲಿಗಳನ್ನು ಇಂದು ಮಧುಮೇಹಿಗಳಿಗೂ ಸೂಚಿಸುತ್ತಾರೆ. ಮಾತ್ರೆಯಿಂದ ಉರಿ ನಿಂತಿತೆಂದು ಪಾದದ ಆರೈಕೆ ಬಿಟ್ಟರೆ ಸಣ್ಣ ಗಾಯವೇ ಬೆರಳು ಅಥವಾ ಕಾಲು ಕತ್ತರಿಸುವ ಹಂತಕ್ಕೆ ಹೋಗಬಹುದು.

ನೀವು ಮಾಡಬೇಕಾದ್ದು

* ವರ್ಷಕ್ಕೊಮ್ಮೆ ಪಾದದ ಪರೀಕ್ಷೆ ಮಾಡಿಸಿ. ನೈಲಾನ್ ಎಳೆ ಮತ್ತು ಕಂಪನದ ಕವಲಿನಿಂದ ಮಾಡುವ ಈ ಪರೀಕ್ಷೆಗೆ ಕೆಲವೇ ನಿಮಿಷ ಸಾಕು.
* ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಕಾಡಬಹುದು. ಅದರ ಲಕ್ಷಣಗಳೂ ಹೀಗೇ ಇರುತ್ತವೆ. ರಕ್ತ ಪರೀಕ್ಷೆ ಮಾಡಿಸಿ.
* ಪ್ರತಿ ರಾತ್ರಿ ಅಂಗಾಲು, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಕಾಣದಿದ್ದರೆ ಕನ್ನಡಿ ಬಳಸಿ ಅಥವಾ ಮನೆಯವರ ಸಹಾಯ ಪಡೆಯಿರಿ.
* ಬಿಸಿನೀರಿನ ಬಿಸಿಯನ್ನು ಕಾಲಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ.
* ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಬೆಳಗ್ಗೆ ಬೇಗ ಹೋಗಿ ಬನ್ನಿ.
* ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ.
* ಹುಣ್ಣು, ಊತ, ಬಣ್ಣ ಬದಲಾವಣೆ ಕಂಡರೆ ಅಂದೇ ವೈದ್ಯರನ್ನು ಕಾಣಿ.

ಎಲ್ಲಕ್ಕಿಂತ ಮೊದಲು ಸಕ್ಕರೆ ಹತೋಟಿಯಲ್ಲಿರಲಿ. ಟೈಪ್ 1 ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಿಂದ ನರ ಹಾನಿ ಸುಮಾರು ಶೇ.60ರಷ್ಟು ತಗ್ಗಿತ್ತು. ಟೈಪ್ 2ರಲ್ಲಿ ಲಾಭ ಇಷ್ಟು ದೊಡ್ಡದಲ್ಲ, ಆದರೂ ಹಾನಿ ಹೆಚ್ಚದಂತೆ ನಿಧಾನಗೊಳಿಸಬಹುದು.

ಮುಂದಿನ ಬಾರಿ ವೈದ್ಯರ ಬಳಿ ಹೋದಾಗ ಚಪ್ಪಲಿ ಕಳಚಿ, 'ಡಾಕ್ಟ್ರೇ, ನನ್ನ ಪಾದಕ್ಕೆ ಸ್ಪರ್ಶ ಇದೆಯಾ ಒಮ್ಮೆ ನೋಡಿ' ಎಂದು ಕೇಳಿ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ ಮಾತ್ರ. ಯಾವುದೇ ಔಷಧ ಆರಂಭಿಸುವ ಅಥವಾ ನಿಲ್ಲಿಸುವ ಮೊದಲು ನಿಮ್ಮ ವೈದ್ಯರ ಸಲಹೆ ಪಡೆಯಿರಿ.)