ಹಳೆಯ ಸಿ.ಡಿ. ಪ್ಲೇಯರಿನ ಕಥೆ: ರಿಪೇರಿಯೋ, ಹೊಸದೋ?

ನಮ್ಮ ನಡುಮನೆಯ ಗೂಡಿನಲ್ಲಿ 1994ರಿಂದಲೂ ಒಂದು ಸಿ.ಡಿ. ಪ್ಲೇಯರ್ ಇದೆ. ಮಸ್ಕತ್‌ನಲ್ಲಿ ಉದ್ಯೋಗದಲ್ಲಿದ್ದ ನಮ್ಮಣ್ಣ ರಜೆಗೆ ಬಂದಾಗ ಅದನ್ನೂ, ಅದರೊಡನೆ ಧಾರವಾಡದ ಗಾಯಕರೊಬ್ಬರ ಡಿಸ್ಕೊಂದನ್ನೂ ತಂದುಕೊಟ್ಟಿದ್ದ. ಅಣ್ಣ ಈಗಿಲ್ಲ. ಕಳೆದ ಮಳೆಗಾಲದಲ್ಲಿ ಆ ಯಂತ್ರವೂ ಹಟ ಹಿಡಿಯಿತು. ಡಿಸ್ಕ್ ಇಡುವ ಟ್ರೇ ಹೊರಬರಬೇಕಾದರೆ ಬೆರಳಿನಿಂದ ಎಳೆಯಬೇಕಾಗುತ್ತಿತ್ತು. ಮೊದಲ ರಾಗಗಳು ಸರಾಗವಾಗಿ ನಡೆದು, ಕೊನೆಯ ಭೈರವಿಗೆ ಬರುವಷ್ಟರಲ್ಲಿ ಹಾಡು ತಡವರಿಸಿ ನಿಂತೇಬಿಡುತ್ತಿತ್ತು.

“ಅಪ್ಪಾ, ಎಲ್ಲ ಹಾಡೂ ಫೋನಿನಲ್ಲೇ ಸಿಗುತ್ತವೆ. ಇದನ್ನು ಗುಜರಿಗೆ ಕೊಡಿ. ಡಿಸ್ಕೇ ಬೇಕೆಂದರೆ ಹೊಸ ಪ್ಲೇಯರ್ ತರಿಸೋಣ” ಎಂದ ಮಗ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ವಸ್ತುವನ್ನು ಎಸೆಯುವ ಮೊದಲು ಅದರ ಪೂರ್ವೋತ್ತರವನ್ನು ತಿಳಿದುಕೊಳ್ಳಬೇಕೆಂಬುದು ಮೇಷ್ಟರ ಚಾಳಿ. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಕಥೆ ಹಾಲೆಂಡಿನ ಐಂಡ್‌ಹೋವನ್‌ನಲ್ಲಿ ಆರಂಭವಾಗುತ್ತದೆ. ಅಲ್ಲಿಯ ಫಿಲಿಪ್ಸ್ ಸಂಸ್ಥೆಯು 1979ರ ಮಾರ್ಚ್ 8ರಂದು, ಸೂಜಿಯ ಬದಲಿಗೆ ಬೆಳಕಿನಿಂದ ಓದುವ ಪುಟ್ಟ ಡಿಸ್ಕೊಂದನ್ನು ಪತ್ರಕರ್ತರ ಮುಂದೆ ನುಡಿಸಿ ತೋರಿಸಿತು. ಜಪಾನಿನ ಸೋನಿಯೂ ಅದೇ ದಾರಿಯಲ್ಲಿ ಪ್ರಯೋಗ ನಡೆಸಿತ್ತು. ವಿಡಿಯೊ ಕ್ಯಾಸೆಟ್ಟಿನ ವಿಷಯದಲ್ಲಿ ಇವೆರಡೂ ತಮ್ಮ ತಮ್ಮದೇ ಪದ್ಧತಿಗೆ ಅಂಟಿಕೊಂಡಿದ್ದವು. ಒಂದರ ಕ್ಯಾಸೆಟ್ಟು ಇನ್ನೊಂದರ ಯಂತ್ರದಲ್ಲಿ ಓಡುತ್ತಿರಲಿಲ್ಲ. ಸಂಗೀತದ ಡಿಸ್ಕಿನಲ್ಲಿ ಮಾತ್ರ ಹಾಗಾಗಲಿಲ್ಲ. ಎರಡೂ ಸಂಸ್ಥೆಗಳ ಇಂಜಿನಿಯರುಗಳು ಒಟ್ಟಿಗೆ ಕುಳಿತು ಒಂದೇ ನಿಯಮಾವಳಿಯನ್ನು ರೂಪಿಸಿದರು. 1980ರಲ್ಲಿ ಸಿದ್ಧವಾದ ಆ ಗ್ರಂಥಕ್ಕೆ ಅದರ ಹೊದಿಕೆಯ ಬಣ್ಣದಿಂದ ‘ರೆಡ್ ಬುಕ್’ ಎಂಬ ಹೆಸರು ಬಂದಿತು.

ಒಪ್ಪಂದ ಸುಲಭವಾಗಿ ಆದದ್ದಲ್ಲ. ಫಿಲಿಪ್ಸ್ 11.5 ಸೆಂಟಿಮೀಟರ್ ವ್ಯಾಸದ ಡಿಸ್ಕನ್ನೂ, ಪ್ರತಿಯೊಂದು ಧ್ವನಿಮಾದರಿಗೆ 14 ಬಿಟ್ಟುಗಳನ್ನೂ ಸೂಚಿಸಿತ್ತು. ಸೋನಿ 16 ಬಿಟ್ಟುಗಳಿಗೆ ಪಟ್ಟು ಹಿಡಿಯಿತು. ಕೊನೆಗೆ 12 ಸೆಂಟಿಮೀಟರ್, 16 ಬಿಟ್ಟು, ಸೆಕೆಂಡಿಗೆ 44,100 ಮಾದರಿಗಳು ಎಂದು ನಿರ್ಧಾರವಾಯಿತು. ಈಗಾಗಲೇ 14 ಬಿಟ್ಟಿನ ಚಿಪ್ಪನ್ನು ಸಿದ್ಧಪಡಿಸಿದ್ದ ಫಿಲಿಪ್ಸ್ ಇಂಜಿನಿಯರುಗಳು ಎದೆಗುಂದದೆ, ಮಾದರಿಗಳ ವೇಗವನ್ನು ನಾಲ್ಕು ಪಟ್ಟು ಹೆಚ್ಚಿಸುವ ಲೆಕ್ಕಾಚಾರದಿಂದ ಅದೇ ಚಿಪ್ಪಿನಲ್ಲಿ 16 ಬಿಟ್ಟಿಗೆ ಸಮೀಪದ ಫಲವನ್ನು ಪಡೆದರು. ಕೈಯಲ್ಲಿರುವುದನ್ನು ಎಸೆಯದೆ ಬುದ್ಧಿಯಿಂದ ಸರಿದೂಗಿಸುವ ಗುಣ ಈ ಯಂತ್ರದ ಹುಟ್ಟಿನಲ್ಲೇ ಇದೆ ಎಂದು ನನಗೆ ಸಂತೋಷವಾಯಿತು.

ಮಾರಾಟದ ಮೊದಲ ಡಿಸ್ಕುಗಳು 1982ರ ಆಗಸ್ಟ್ 17ರಂದು ಜರ್ಮನಿಯ ಹಾನೋವರ್ ಸಮೀಪದ ಲಾಂಗನ್‌ಹಾಗನ್ ಕಾರ್ಖಾನೆಯಲ್ಲಿ ಅಚ್ಚಾದವು. ಅದೇ ವರ್ಷದ ಅಕ್ಟೋಬರ್ 1ರಂದು ಸೋನಿಯ ಸಿ.ಡಿ.ಪಿ.-101 ಜಪಾನಿನ ಅಂಗಡಿಗಳಿಗೆ ಬಂದಿತು. ಬೆಲೆ 1,68,000 ಯೆನ್! ನಮ್ಮ ಊರುಗಳಲ್ಲಿ ಆಗ ಕ್ಯಾಸೆಟ್ಟುಗಳದ್ದೇ ರಾಜ್ಯಭಾರ.

ಸಿ.ಡಿ.ಯೊಂದನ್ನು ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಕಾಮನಬಿಲ್ಲು ಮೂಡಿಸಿದ್ದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಡಿಸ್ಕಿನ ಒಳಗಿನಿಂದ ಹೊರಗೆ ಸುರುಳಿಯಾಗಿ ಸಾಗುವ, ಬಿಡಿಸಿದರೆ ಸುಮಾರು 5 ಕಿಲೋಮೀಟರ್ ಉದ್ದವಾಗುವ ಗೆರೆಯೇ ಅದಕ್ಕೆ ಕಾರಣ. ಸುತ್ತಿನಿಂದ ಸುತ್ತಿಗೆ ಅಂತರ ಮಿಲಿಮೀಟರಿನ ಸಾವಿರದಲ್ಲಿ 1.6 ಭಾಗ ಮಾತ್ರ. ಆ ಗೆರೆಯಲ್ಲಿರುವ ಸೂಕ್ಷ್ಮ ಗುಳಿಗಳ ಅಂಚನ್ನು ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಕಿರಣ ಗುರುತಿಸುತ್ತ ಹೋಗುತ್ತದೆ. ಡಿಸ್ಕ್ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಬಾರಿ ತಿರುಗಿದರೆ, ಹೊರಸುತ್ತಿಗೆ ಬರುವಾಗ ಸುಮಾರು 200 ಬಾರಿ ಮಾತ್ರ. ಗೀರು ಬಿದ್ದು ಕೆಲವು ಅಂಕೆಗಳು ಅಳಿಸಿಹೋದರೂ ಉಳಿದವುಗಳಿಂದ ಅವನ್ನು ಲೆಕ್ಕ ಹಾಕಿ ತುಂಬುವ ಗಣಿತವೂ ಇದೆ. ರೀಡ್ ಮತ್ತು ಸಾಲೊಮನ್ ಎಂಬಿಬ್ಬರು 1960ರಲ್ಲಿ ಪ್ರಕಟಿಸಿದ ವಿಧಾನವೇ ಇದಕ್ಕೆ ಆಧಾರ.

ಇಷ್ಟು ತಿಳಿದ ಮೇಲೆ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು ಮಗನ ಪಕ್ಷದ್ದು. ನಿಯಮಾವಳಿ ಒಂದೇ ಆದುದರಿಂದ ಅಣ್ಣ ಕೊಟ್ಟ ಡಿಸ್ಕನ್ನು ಹೊಸ ಯಂತ್ರವೂ ಅಷ್ಟೇ ನಿಷ್ಠೆಯಿಂದ ಓದುತ್ತದೆ. ಹಳೆಯದು ಹೋದರೆ ಸಂಗೀತವೂ ಹೋಯಿತೆಂದು ಭಾವಿಸುವುದು ಬರಿಯ ಭ್ರಮೆ. ಎರಡನೆಯದು ನನ್ನ ಪಕ್ಷದ್ದು. ಗೆರೆ ಒಳಗಿನಿಂದ ಹೊರಕ್ಕೆ ಸಾಗುವುದರಿಂದ ಭೈರವಿ ಇರುವುದು ಹೊರಸುತ್ತಿನಲ್ಲಿ. ಆರಂಭದ ರಾಗಗಳನ್ನು ಚೆನ್ನಾಗಿ ಓದುವ ಲೇಸರ್ ಸತ್ತಿರಲಾರದು. ಅದನ್ನು ಹೊತ್ತು ಹೊರಕ್ಕೆ ಸಾಗುವ ಹಳಿಯಲ್ಲೇ ಏನೋ ತೊಡಕಿರಬೇಕು!

ನಮ್ಮೂರ ಪೇಟೆಯಲ್ಲಿ ರೇಡಿಯೊ ರಿಪೇರಿಯ ಕಾಲದಿಂದಲೂ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಮುಚ್ಚಳ ಬಿಚ್ಚಿ ನೋಡಿ, “ಮೇಷ್ಟ್ರೇ, ಹಳಿಗೆ ಹಚ್ಚಿದ ಗ್ರೀಸು ಅಂಟಿನ ಹಾಗೆ ಗಟ್ಟಿಯಾಗಿದೆ. ಟ್ರೇ ಎಳೆಯುವ ರಬ್ಬರ್ ಬೆಲ್ಟು ಸಡಿಲವಾಗಿದೆ. ಅಷ್ಟೇ” ಎಂದರು. ಲೇಸರಿನ ಪಕ್ಕದ ಪುಟ್ಟ ಸ್ಕ್ರೂವನ್ನು ಮಾತ್ರ ಅವರು ಮುಟ್ಟಲಿಲ್ಲ. ಅದನ್ನು ತಿರುಗಿಸಿ ಶಕ್ತಿ ಹೆಚ್ಚಿಸಿದರೆ ಸ್ವಲ್ಪ ದಿನ ಚೆನ್ನಾಗಿ ಓದುತ್ತದೆ, ಆಮೇಲೆ ಲೇಸರ್ ಬೇಗ ಸಾಯುತ್ತದೆ ಎಂದು ವಿವರಿಸಿದರು. ಹಳೆಯ ಗ್ರೀಸನ್ನು ಒರೆಸಿ ಹೊಸದು ಹಚ್ಚಿ, ಬೆಲ್ಟು ಬದಲಿಸಿ, ಮಸೂರದ ಧೂಳು ತೆಗೆದು ಅವರು ಪಡೆದದ್ದು 350 ರೂಪಾಯಿ.

ಲೇಸರೇ ಹೋಗಿದ್ದರೆ ನಾನು ಮಗನ ಮಾತಿಗೆ ಒಪ್ಪುತ್ತಿದ್ದೆ. ಹಳೆಯ ಮಾದರಿಗಳ ಅಸಲಿ ಲೇಸರ್ ಭಾಗ ಸಿಗುವುದು ದುರ್ಲಭ. ಮಾರುಕಟ್ಟೆಯಲ್ಲಿ ನಕಲಿಗಳು ಬಹಳ. ಅಂಥದಕ್ಕೆ ಸಾವಿರಗಟ್ಟಲೆ ಸುರಿಯುವುದು ವಸ್ತುವಿನ ಮೇಲಿನ ಪ್ರೀತಿಯಲ್ಲ, ಮೊಂಡುತನ. ಆದರೆ ಬೆಲ್ಟು, ಗ್ರೀಸು, ಧೂಳು ಇವು ಯಂತ್ರದ ಮರಣವಲ್ಲ, ಬರಿಯ ಮುಪ್ಪು. ಮುಪ್ಪಿಗೆ ಬೇಕಾದದ್ದು ಆರೈಕೆ. ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥದೊಂದು ಯಂತ್ರವಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಅದು ಎಲ್ಲಿ ತಡವರಿಸುತ್ತದೆಂದು ಒಮ್ಮೆ ಗಮನಿಸಿರಿ.

ಯಂತ್ರ ಮನೆಗೆ ಬಂದ ಸಂಜೆ ಅಣ್ಣನ ಡಿಸ್ಕನ್ನೇ ಹಾಕಿದೆ. ಭೈರವಿಯ ಹೊತ್ತಿಗೆ ಮಗ ಫೋನು ಕೆಳಗಿಟ್ಟು ಪಕ್ಕದಲ್ಲಿ ಬಂದು ಕುಳಿತಿದ್ದ. ಈ ಬಾರಿ ಹಾಡು ಎಲ್ಲಿಯೂ ನಿಲ್ಲಲಿಲ್ಲ.