ಹದಿನಾಲ್ಕು ಪಟಗಳ ಪ್ರಾರ್ಥನಾಲಯ

ಪಟ್ಟಂದೂರು ಅಗ್ರಹಾರದ ಗಾಜಿನ ಕಟ್ಟಡಗಳಲ್ಲಿ ದುಡಿಯುವ ನಿಮ್ಮ ಮಕ್ಕಳಲ್ಲಿ ಯಾರಾದರೂ ಕಂಪನಿಯ ಕೆಲಸದ ಮೇಲೆ ಅಮೆರಿಕದ ಹ್ಯೂಸ್ಟನ್ನಿಗೆ ಹೋಗುವುದಾದರೆ, ಅಲ್ಲಿನ ರಾಥ್ಕೊ ಪ್ರಾರ್ಥನಾಲಯವನ್ನು ನೋಡಿ ಬರಲು ಹೇಳಿ. ‘ಫಾದರ್, ಅಲ್ಲಿ ನೋಡಲು ಏನೂ ಇಲ್ಲವಲ್ಲ’ ಎಂದು ಅವರು ದೂರಿದರೂ ಆಶ್ಚರ್ಯವಿಲ್ಲ. ಶಿಲುಬೆಯಿಲ್ಲ, ಸಂತರ ಸ್ವರೂಪಗಳಿಲ್ಲ. ಎಂಟು ಗೋಡೆಗಳ ಮೇಲೆ ಕಪ್ಪು ಹಾಗೂ ಕಡುನೇರಳೆ ಬಣ್ಣದ 14 ಬೃಹತ್ ಪಟಗಳು, ಅಷ್ಟೇ.

ಮಾರ್ಕ್ ರಾಥ್ಕೊ 1903ರಲ್ಲಿ ಇಂದಿನ ಲಾಟ್ವಿಯಾದಲ್ಲಿ ಹುಟ್ಟಿದ ಯೆಹೂದ್ಯರು. 1964ರಲ್ಲಿ ಅವರಿಗೆ ಈ ಕೆಲಸ ಒಪ್ಪಿಸಿದವರು ಕಥೋಲಿಕ ದಂಪತಿಗಳಾದ ಜಾನ್ ಮತ್ತು ಡೊಮಿನಿಕ್ ದ ಮೆನಿಲ್. ಧರ್ಮಸಭೆಯು ಯಾವೊಂದು ಕಲಾಶೈಲಿಯನ್ನೂ ತನ್ನದೆಂದು ಹಿಡಿದಿಟ್ಟುಕೊಂಡಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆಯು ಸಾರಿದ್ದು ಅದರ ಹಿಂದಿನ ವರ್ಷವಷ್ಟೇ. ಪಟಗಳು ಮುಗಿದದ್ದು 1967ರಲ್ಲಿ. ನಮ್ಮ ಬೆಂಗಳೂರಿನ ಎನ್.ಬಿ.ಸಿ.ಎಲ್.ಸಿ. ಆರಂಭವಾದದ್ದೂ ಅದೇ ವರ್ಷ. ಅಲ್ಲಿ ಕಲಾವಿದ ಜ್ಯೋತಿ ಸಾಹಿಯವರು ರೂಪಿಸಿದ ಜಾಲರಿಗಳನ್ನು ನಿಮ್ಮಲ್ಲಿ ಹಲವರು ಕಂಡಿರಬೇಕು.

ಮೂರು ಪಟಗಳನ್ನು ಒಂದಾಗಿ ಜೋಡಿಸುವ ಪದ್ಧತಿ ಯುರೋಪಿನ ಬಲಿಪೀಠಗಳದ್ದು. ರಾಥ್ಕೊ ಅದನ್ನೇ ಹಿಡಿದು ಒಂಬತ್ತು ಪಟಗಳನ್ನು ಮೂರು ಮೂರಾಗಿ ಕೂಡಿಸಿ, ಉಳಿದ ಐದನ್ನು ಬಿಡಿಯಾಗಿ ನಿಲ್ಲಿಸಿದರು. ಹದಿನಾಲ್ಕು ಎಂದೊಡನೆ ನಮಗೆ ಶಿಲುಬೆಹಾದಿ ನೆನಪಾಗುತ್ತದೆ; ಅದು ನಮ್ಮ ತಪಸ್ಸುಕಾಲದ ಅಭ್ಯಾಸವೇ ಸರಿ.

ಬಣ್ಣದ ವಿಷಯದಲ್ಲಿ ಅವರದು ಅಡುಗೆಯವರ ಜಾಗರೂಕತೆ. ಮೊಲದ ಚರ್ಮದಿಂದ ತೆಗೆದ ಅಂಟನ್ನು ಕಾಯಿಸಿ, ಬಣ್ಣದ ಪುಡಿ ಕಲಸಿ, ಸಹಾಯಕರ ಕೈಯಿಂದ ಬಟ್ಟೆಯ ಮೇಲೆ ತೆಳುವಾಗಿ ಹಚ್ಚಿಸಿದರು. ಕಪ್ಪು ಭಾಗಗಳಿಗೆ ಎಣ್ಣೆಬಣ್ಣ, ಮೊಟ್ಟೆ, ರಾಳ ಮತ್ತು ಟರ್ಪೆಂಟೈನ್ ಬೆರೆಸಿದರು. ಹೀಗಾಗಿ ಒಂದು ಕಡೆ ಮಂಕು, ಇನ್ನೊಂದು ಕಡೆ ಹೊಳಪು. ನ್ಯೂಯಾರ್ಕಿನ ಚಿತ್ರಶಾಲೆಯಲ್ಲಿ ಪ್ರಾರ್ಥನಾಲಯದ್ದೇ ಅಳತೆಯ ಗೋಡೆಗಳನ್ನು ನಿಲ್ಲಿಸಿ, ಛಾವಣಿಯ ಬೆಳಕಿಗೆ ಪ್ಯಾರಾಚೂಟ್ ಬಟ್ಟೆಯನ್ನು ಅಡ್ಡ ಹಿಡಿದು ಅಂಗುಲ ಅಂಗುಲ ಪರೀಕ್ಷಿಸಿದರು. ಆದರೆ ಪ್ರಯೋಗಕ್ಕೆ ಬೆಲೆ ತೆರಬೇಕಾಯಿತು: ಕೆಲವೇ ವರ್ಷಗಳಲ್ಲಿ ಕಪ್ಪಿನ ಮೇಲೆ ಬಿಳಿಚು ಮೂಡತೊಡಗಿತು.

1970ರ ಫೆಬ್ರವರಿ 25ರಂದು, ಪಟಗಳು ಗೋಡೆ ಸೇರುವ ಮೊದಲೇ, ಖಿನ್ನತೆಯಿಂದ ನರಳುತ್ತಿದ್ದ ರಾಥ್ಕೊ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಂಥ ದುಃಖವನ್ನು ಯಾರಿಗೂ ಹೇಳದೆ ಹೊತ್ತಿರುವ ಮನೆಗಳಿವೆ. ತೀವ್ರ ಮನೋವೇದನೆಯು ಅಂಥವರ ಹೊಣೆಯನ್ನು ಕಡಿಮೆಮಾಡಬಲ್ಲದೆಂದೂ, ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಆ ಮನೆಗಳವರು ಗುರುಗಳ ಬಳಿ ಬರಲು ಅಂಜಬೇಕಾಗಿಲ್ಲ.

ಕಥೋಲಿಕ ವಿಶ್ವವಿದ್ಯಾಲಯವೊಂದಕ್ಕೆಂದು ಯೋಜಿಸಿದ್ದ ಆ ಪ್ರಾರ್ಥನಾಲಯ 1971ರ ಫೆಬ್ರವರಿಯಲ್ಲಿ ಎಲ್ಲ ಧರ್ಮದವರಿಗೂ ತೆರೆಯಿತು. 2024ರ ಜುಲೈ ತಿಂಗಳ ಚಂಡಮಾರುತದಲ್ಲಿ ಛಾವಣಿ ಸೋರಿ ಕೆಲವು ಪಟಗಳಿಗೆ ಹಾನಿಯಾಯಿತು. ವರ್ಷಾಂತ್ಯದೊಳಗೆ ಬಾಗಿಲು ಮತ್ತೆ ತೆರೆಯಿತು. ಹೋಗುವವರು ಬಿಸಿಲೂ ಮೋಡವೂ ಇರುವ ದಿನ ಹೋಗಲಿ, ಬೆಂಚಿನ ಮೇಲೆ ಅರ್ಧ ಗಂಟೆಯಾದರೂ ಕೂರಲಿ. ಕಣ್ಣು ಒಗ್ಗಿದ ಮೇಲೆಯೇ ಆ ಕಪ್ಪಿನೊಳಗಿನ ನೇರಳೆ ಕಾಣುವುದು.