ಬದಲಿ ವಧು

ಜಪಾನಿನ ಓದುಗರಿಗೆ ಈಚೆಗೆ ಬಹು ಪ್ರಿಯವಾಗಿರುವ ಒಂದು ಕಥಾಜಾತಿಯುಂಟು. ಕಾಲ, ಮೇಜಿ ಯುಗದ ಕೊನೆ ಅಥವಾ 1912ರಲ್ಲಿ ತೊಡಗಿದ ತಾಯ್ಶೋ ಯುಗ. ಮನೆಯ ಮುದ್ದಿನ ಮಗಳು ಗೊತ್ತಾದ ವರನನ್ನು ಒಲ್ಲೆನೆನ್ನುತ್ತಾಳೆ. ಯಾರಿಗೂ ಬೇಡದ ಅಕ್ಕನನ್ನೋ ಮಲಮಗಳನ್ನೋ ಸಿಂಗರಿಸಿ, ಅವಳ ಬದಲಿಗೆ ಕಳುಹಿಸುತ್ತಾರೆ. ವರ ಕಠೋರನೆಂದು ಹೆಸರಾದವನು. ಮುಂದಿನದನ್ನು ತಾವೇ ಊಹಿಸಬಲ್ಲಿರಿ. ಅಂಬಿಕೆ ತನಗೆ ಬದಲಾಗಿ ದಾಸಿಯನ್ನು ವ್ಯಾಸರ ಬಳಿಗೆ ಕಳುಹಿಸಿದುದನ್ನು ಕೇಳಿ ಬೆಳೆದ ನಮಗೆ ಇದು ತೀರ ಅಪರಿಚಿತವೂ ಅಲ್ಲ.

ಈ ಕಥೆಗಳು ಆ ಕಾಲವನ್ನೇ ಆರಿಸಿಕೊಂಡದ್ದಕ್ಕೆ ಕಿಮೊನೊ, ಅನಿಲದೀಪಗಳ ಬೆಡಗೊಂದೇ ಕಾರಣವೆಂದು ನನಗೆ ತೋರುವುದಿಲ್ಲ. 1898ರ ನಾಗರಿಕ ಸಂಹಿತೆಯ ಪ್ರಕಾರ ವಿವಾಹಕ್ಕೆ ಮನೆಯ ಯಜಮಾನನ ಒಪ್ಪಿಗೆ ಬೇಕು; ಗಂಡಿಗೆ 30, ಹೆಣ್ಣಿಗೆ 25 ತುಂಬುವವರೆಗೆ ತಂದೆತಾಯಿಯರ ಒಪ್ಪಿಗೆಯೂ ಬೇಕು. ಮಾತು ನಡೆಯುತ್ತಿದ್ದುದು ಮನೆಗೂ ಮನೆಗೂ. ಒಂದು ಮನೆ ಇನ್ನೊಂದಕ್ಕೆ ‘ಮಗಳನ್ನು ಕೊಡುತ್ತೇವೆ’ ಎಂದಾಗ, ಯಾವ ಮಗಳೆಂಬುದು ಕಥೆಗಾರನ ಕೈಗೆ ಸಿಕ್ಕ ಸಂದು. ಮುಖವನ್ನು ಮರೆಸುವ ಬಿಳಿಯ ವತಾಬೋಶಿಯಂತೂ ಅವನಿಗೆ ಬಲು ಅನುಕೂಲ.

ಬದುಕಿನಲ್ಲಿ ಬದಲಿಯಾಗುತ್ತಿದ್ದವನು ಕೆಲವೊಮ್ಮೆ ವರನೇ! 1908ರಿಂದ 1920ರವರೆಗೆ ಸಾವಿರಾರು ಹೆಣ್ಣುಗಳು ಭಾವಚಿತ್ರವನ್ನಷ್ಟೇ ನೋಡಿ, ಅಮೆರಿಕದಲ್ಲಿ ದುಡಿಯುತ್ತಿದ್ದ ಗಂಡಂದಿರ ಬಳಿಗೆ ಹಡಗು ಹತ್ತಿದರು. ಚಿತ್ರ ಹತ್ತು ವರ್ಷ ಹಳೆಯದಾಗಿರಬಹುದು, ಬೇರೆಯವನದೇ ಆಗಿರಬಹುದು. ಬಂದರಿನಲ್ಲಿ ಎದುರಾದವನೇ ಗಂಡ. ಏಕೆಂದರೆ ಊರಿನಲ್ಲಿ ಅವನ ಮನೆತನದ ಕೊಸೆಕಿ, ಎಂದರೆ ಕುಟುಂಬ ದಾಖಲೆಯಲ್ಲಿ, ಅವಳ ಹೆಸರು ಆಗಲೇ ಏರಿರುತ್ತಿತ್ತು.

ಗುಟ್ಟೆಲ್ಲ ಈ ದಾಖಲೆಯಲ್ಲಿದೆ. ಮೂರು ಬಟ್ಟಲಿನಿಂದ ಮೂರು ಮೂರು ಸಲ ಸಾಕೆ ಗುಟುಕರಿಸಿದರೆ ನೆಂಟರ ಕಣ್ಣಿಗೆ ಮದುವೆಯಾದಂತೆ. ಕಾನೂನಿನ ಕಣ್ಣಿಗೆ ಅಲ್ಲ. ಸೊಸೆ ಮನೆಯ ರೀತಿಗೆ ಒಗ್ಗುವಳೆ, ಬಸುರಾಗುವಳೆ ಎಂದು ನೋಡಿಕೊಂಡು, ಆಮೇಲೆ ಹೆಸರು ಬರೆಸುವ ಮನೆಗಳು ಬಹಳ. ಅಷ್ಟರಲ್ಲಿ ತವರಿಗೆ ಅಟ್ಟಿದರೆ ಆಕೆ ಹೆಂಡತಿಯೇ ಆಗಿರಲಿಲ್ಲ. ಕಥೆಯಲ್ಲಿ ಗಂಡನಾದವನು ಬದಲಿಯಾಗಿ ಬಂದವಳ ನಿಜವಾದ ಹೆಸರನ್ನು ಕೇಳುವ ಘಟ್ಟಕ್ಕೆ ಓದುಗರ ಗಂಟಲು ಕಟ್ಟುವುದು ಸುಮ್ಮನೆ ಅಲ್ಲ.

ಅಂಥ ಹೆಣ್ಣೊಬ್ಬಳು ನ್ಯಾಯಾಲಯದ ಮೆಟ್ಟಿಲು ಹತ್ತಿದಳು. 1915ರ ಜನವರಿ 26ರಂದು ಜಪಾನಿನ ಅತ್ಯುನ್ನತ ನ್ಯಾಯಾಲಯ, ವಿವಾಹದ ವಾಗ್ದಾನವೂ ಊರ್ಜಿತವಾದ ಕರಾರು, ಕಾರಣವಿಲ್ಲದೆ ಮುರಿದವನು ನಷ್ಟ ತುಂಬಬೇಕು ಎಂದು ತೀರ್ಪಿತ್ತಿತು. ಮುಂದಿನ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಆಸರೆಯಾಯಿತು. ದಾವೆಯನ್ನು ಕರಾರುಭಂಗವೆಂದು ಹೂಡದೆ ಬೇರೆ ಬಗೆಯಲ್ಲಿ ಹೂಡಿದ್ದರಿಂದ, ಆಕೆಗೆ ಮಾತ್ರ ಏನೂ ದಕ್ಕಲಿಲ್ಲ.